ಸ್ಕ್ರೀನ್ ಸೇವರ್ ಸುಟ್ಟ ಮೇಲಿನ ಸಾಲು

ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟ ಪತ್ರದಲ್ಲಿ ನನ್ನ ಬಡ್ತಿಗಳ ಪಟ್ಟಿ ಇದೆ. ಅದನ್ನು ಇಲ್ಲಿ ನಕಲು ಮಾಡುವುದಿಲ್ಲ. ಕಂಟ್ರೋಲ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಸಂಗತಿ ಬೇರೆ: ನಾನು ಖುಷಿಗೆಂದು ಬರೆದ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಮಿನಿಂದ ಮಲ್ಲಪ್ಪ ಎಂಬ ಆಪರೇಟರನ ಕೆಲಸ ಹೋಗುವುದರಲ್ಲಿತ್ತು. ತಪ್ಪು ನನ್ನದು ಎಂದು ಆಗ ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಇದನ್ನು ಮದುವೆಮನೆಗಳಲ್ಲಿ, ನಮ್ಮ ಬಿಲ್ಡಿಂಗ್ ಸೊಸೈಟಿಯ ಗಣಪತಿ ಪೆಂಡಾಲಿನಲ್ಲಿ, ಟ್ರೈನಿಂಗ್ ಕ್ಲಾಸುಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅದು ನಯವಾಗಿದೆ. ನಯವಾದ ಜಾಗಗಳ ಮೇಲೇ ನನಗೆ ಅನುಮಾನ. ಅಂಥ ಜಾಗ ಬಂದಾಗ ನಿಂತು ಹೇಳುತ್ತೇನೆ.

ನಾನಿದ್ದದ್ದು ಸಯನ್‌ನಲ್ಲಿ, ಕೆಲಸ ಮುಲುಂಡಿನ ಒಂದು ಪೇಂಟ್ ಕಾರ್ಖಾನೆಯಲ್ಲಿ. ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನೊಬ್ಬಳೇ. ಪೇಂಟಿಗೆ ಬೇಕಾದ ಅಂಟಿನಂಥ ರೆಸಿನ್ ಅನ್ನು ದೊಡ್ಡ ಕೆಟಲ್‌ಗಳಲ್ಲಿ ಬೇಯಿಸುತ್ತಿದ್ದರು. ಕಾವು ಹದ ಮೀರಿದರೆ ರೆಸಿನ್ ಕೆಟಲ್ಲಿನೊಳಗೇ ಕಲ್ಲಾಗುತ್ತದೆ. ಅದಕ್ಕೆ ಕಾರ್ಖಾನೆಯಲ್ಲಿ ‘ಕೆಟಲ್ ಕಟ್ಟಿತು’ ಎನ್ನುತ್ತಿದ್ದರು. ಆಮೇಲೆ ಮನುಷ್ಯರು ಒಳಗಿಳಿದು ಉಳಿ ಸುತ್ತಿಗೆಯಿಂದ ಒಡೆದು ತೆಗೆಯಬೇಕು. ಹಾಗಾಗದಂತೆ ಕಾಯುವುದು ಕಂಟ್ರೋಲ್ ರೂಮಿನ ಆಪರೇಟರನ ಕೆಲಸ. ಅವನೆದುರು ಹಸಿರು ಅಕ್ಷರದ ಒಂದು ಹಳೇ ಗಾಜಿನ ಪರದೆ. ನಡುವೆ ಕಾವಿನ ಅಂಕಿಗಳು. ಎಲ್ಲಕ್ಕಿಂತ ಮೇಲಿನ ಸಾಲು ಮಾತ್ರ ಅಪಾಯದ ಸೂಚನೆಗೆ ಮೀಸಲು. ಏನಾದರೂ ಕೆಟ್ಟರೆ ಅಲ್ಲಿ ಬರೆದು ಬರುತ್ತಿತ್ತು.

ಅಪಾಯವಾದಾಗ ಹೂಟರ್ ಕೂಗುತ್ತಿತ್ತು, ನಿಜ. ಆದರೆ ಅದು ದಿನಕ್ಕೆ ಮೂವತ್ತು ನಲವತ್ತು ಸಲ ಕೂಗುತ್ತಿತ್ತು. ಬಾಗಿಲು ಜೋರಾಗಿ ಹಾಕಿದರೂ ಕೂಗುತ್ತಿತ್ತು. ಹಾಗಾಗಿ ಅಲ್ಲಿ ಒಂದು ಪದ್ಧತಿ ಬೆಳೆದಿತ್ತು: ಮೊದಲು ಗುಂಡಿ ಒತ್ತಿ ಹೂಟರಿನ ಬಾಯಿ ಮುಚ್ಚಿಸು, ಆಮೇಲೆ ಮೇಲಿನ ಸಾಲು ನೋಡು. ಅಲ್ಲಿ ಏನಾದರೂ ಇದ್ದರೆ ಏಳು, ಇಲ್ಲದಿದ್ದರೆ ಚಹಾ ಮುಂದುವರಿಸು. ಯಾವ ಕೈಪಿಡಿಯಲ್ಲೂ ಇದನ್ನು ಬರೆದಿರಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು.

ಈಗಿನ ಚಪ್ಪಟೆ ಪರದೆಗಳನ್ನು ಮಾತ್ರ ನೋಡಿದವರಿಗೆ ಒಂದು ಮಾತು. ಹಳೇ ಪರದೆಯ ಗಾಜಿನ ಒಳಮೈಗೆ ಹೊಳೆಯುವ ಒಂದು ಪುಡಿ ಬಳಿದಿರುತ್ತಿತ್ತು. ಒಂದೇ ಜಾಗ ಸದಾ ಬೆಳಗುತ್ತಿದ್ದರೆ ಅಲ್ಲಿನ ಪುಡಿ ಸುಟ್ಟು ಮಂಕಾಗುತ್ತಿತ್ತು. ಅದನ್ನು ತಪ್ಪಿಸಲು, ಕೆಟಲ್ ಕೆಲಸವಿಲ್ಲದ ಹೊತ್ತಿನಲ್ಲಿ ಪರದೆಯ ಮೇಲೆ ಚಲಿಸುವ ಚಿತ್ರವೊಂದನ್ನು ಬಿಡುವುದು. ಅದೇ ಸ್ಕ್ರೀನ್ ಸೇವರ್. ಶೋಕಿಗೆ ಹುಟ್ಟಿದ್ದಲ್ಲ ಅದು.

ಕಂಟ್ರೋಲ್ ರೂಮಿನ ಯಂತ್ರಕ್ಕೆ ಸಿದ್ಧ ಸ್ಕ್ರೀನ್ ಸೇವರ್ ಇರಲಿಲ್ಲ. ನಾನೇ ಬರೆಯಲು ಕೂತೆ. ಮೆಮೊರಿಯ ಜಾಗ ತುಸುವೇ, ಹೆಚ್ಚು ಲೆಕ್ಕ ಮಾಡುವ ಶಕ್ತಿಯೂ ಆ ಯಂತ್ರಕ್ಕಿರಲಿಲ್ಲ. ಆದರೆ ಬಿಟ್‌ಗಳ ಆಟ ಅದಕ್ಕೆ ಸಲೀಸು. ಕಂಪ್ಯೂಟರಿನೊಳಗೆ ಸಂಖ್ಯೆ ಎಂದರೆ ಎಂಟು ಸ್ವಿಚ್ಚುಗಳ, ಅಂದರೆ ಬಿಟ್‌ಗಳ, ಒಂದು ಸಾಲು; ಕೆಲವು ಆನ್, ಕೆಲವು ಆಫ್. ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಇಟ್ಟು, ಸ್ವಿಚ್ಚಿಗೆ ಸ್ವಿಚ್ಚು ಹೋಲಿಸಿ ಮೂರನೆಯ ಸಂಖ್ಯೆ ಹುಟ್ಟಿಸಬಹುದು. ‘ಆ್ಯಂಡ್’ ಎಂದರೆ ಎರಡೂ ಆನ್ ಇದ್ದರೆ ಮಾತ್ರ ಆನ್. ಪೇಂಟ್ ಡಬ್ಬ ಒತ್ತುವ ನಮ್ಮ ಪ್ರೆಸ್ ಯಂತ್ರ ಹಾಗಿತ್ತು. ಎರಡು ಕೈಯಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತದೆ ಇಳಿಯುತ್ತಿರಲಿಲ್ಲ. ‘ಎಕ್ಸಾರ್’ ಎಂದರೆ ಬಿಲ್ಡಿಂಗಿನ ಮೆಟ್ಟಿಲ ದೀಪ: ಕೆಳಗೊಂದು ಸ್ವಿಚ್ಚು, ಮೇಲೊಂದು. ಎರಡೂ ಒಂದೇ ಕಡೆಗಿದ್ದರೆ ದೀಪ ಆರುತ್ತದೆ, ಬೇರೆ ಬೇರೆ ಕಡೆಗಿದ್ದರೆ ಹತ್ತುತ್ತದೆ.

ಪರದೆಯನ್ನು 256 ಕಂಬ, 256 ಸಾಲಿನ ಚೌಕ ಎಂದುಕೊಳ್ಳಿ. ಗಡಿಯಾರದ ಹಾಗೆ ಒಂದು ಎಣಿಕೆ ಸೊನ್ನೆಯಿಂದ 255ರವರೆಗೆ ಓಡುತ್ತದೆ. ಕಂಬದ ಸಂಖ್ಯೆ ಮತ್ತು ಎಣಿಕೆ, ಇವೆರಡನ್ನು ಹೋಲಿಸಿ ಬಂದ ಉತ್ತರ ಎಷ್ಟೋ, ಆ ಕಂಬದಲ್ಲಿ ಮೇಲಿನಿಂದ ಅಷ್ಟು ಕೆಳಗೆ ಒಂದು ಚುಕ್ಕೆ. ಎಣಿಕೆ ಮುಂದೆ ಸರಿದಾಗ ಹಳೇ ಚುಕ್ಕೆ ಅಳಿಸಿ ಹೊಸದು. ಅಷ್ಟೇ. ಎಕ್ಸಾರ್ ಹಾಕಿದರೆ ಚೌಕಗಳು ಒಡೆದು, ಮಗುಚಿ, ಮತ್ತೆ ಕೂಡುತ್ತ ಹೋದವು. ಆ್ಯಂಡ್ ಹಾಕಿದರೆ ಚುಕ್ಕೆಗಳು ಮೇಲಂಚಿನಿಂದ ಗೊಂಚಲು ಗೊಂಚಲಾಗಿ ಇಳಿಬಿದ್ದು, ಕುಗ್ಗಿ, ಹಿಗ್ಗಿ, ತ್ರಿಕೋನದೊಳಗೆ ತ್ರಿಕೋನ ಕಟ್ಟಿದವು. ಒಂದೇ ಚಿಹ್ನೆಯ ವ್ಯತ್ಯಾಸ! ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮಲ್ಲಪ್ಪ ಬಂದು ಹಿಂದೆ ನಿಂತ. ಇಳಕಲ್ ಕಡೆಯವನು, ನೇಕಾರರ ಮನೆತನ, ಮುಲುಂಡಿನಲ್ಲಿ ಸಾಲುಮನೆಗಳ ಒಂದು ಚಾಳಿನಲ್ಲಿ ಊರವರ ಜೊತೆ ಇದ್ದ. ಕರಾವಳಿಯವಳಾದ ನನ್ನ ಕನ್ನಡ ಕೇಳಿದರೆ ಅವನಿಗೆ ನಗು.

“ಇದೇನ್ರಿ ಅಕ್ಕಾರ, ಆಫೀಸಿನ್ಯಾಗ ಸೀರಿ ನೇಯಾಕತ್ತೀರಿ?”

“ಯಾವುದು ಚಂದ ಉಂಟು ಹೇಳಿ. ಚೌಕವೋ, ತ್ರಿಕೋನವೋ?”

“ನೀವು ಪುಸ್ತಕ ಓದಿದಂಗ ಕೇಳಬ್ಯಾಡ್ರಿ, ಹೆದರಿಕಿ ಬರತೈತಿ. ಈ ಮುಕ್ಕೋನೀದು ಛಲೋ ಐತ್ರಿ. ನಮ್ಮವ್ವನ ಸೆರಗಿನ್ಯಾಗ ಹಣಿಗಿ ಇರತೈತಲ್ರಿ, ಥೇಟ್ ಹಂಗ.” ಹಣಿಗೆ ಎಂದರೆ ಬಾಚಣಿಗೆ; ಇಳಕಲ್ ಸೀರೆಯ ಸೆರಗಿನಲ್ಲಿ ಅದರ ಹಲ್ಲುಗಳಂಥ ಚಿತ್ತಾರ ನೇಯುತ್ತಾರೆ.

ನಮ್ಮ ಚೀಫ್ ಎಂಜಿನಿಯರ್ ದಾತಾರ್ ಸಾಹೇಬರಿಗೂ ತ್ರಿಕೋನವೇ ಹಿಡಿಸಿತು. “ವಾಹ್, ರಾವ್ ಮ್ಯಾಡಮ್! ಇದೇ ಇರಲಿ. ವಿಸಿಟರ್ಸ್ ಬಂದಾಗ ತೋರಿಸೋಣ.” ನಾನು ಆ್ಯಂಡ್ ಇಟ್ಟೆ. ಎಲ್ಲರೂ ಕೇಳಿದ್ದಕ್ಕೆ ಇಟ್ಟೆ ಎಂದು ಆಮೇಲೆ ಹೇಳಿಕೊಂಡು ತಿರುಗಿದ್ದೂ ಉಂಟು. ಸುಳ್ಳು. ನನಗೇ ಅದು ಇಷ್ಟವಾಗಿತ್ತು. ಎರಡು ವರ್ಷ ಆ ತ್ರಿಕೋನಗಳು ಕಂಟ್ರೋಲ್ ರೂಮಿನಲ್ಲಿ ಕುಣಿದವು.

ಇಲ್ಲಿ ಮೊದಲ ನಯವಾದ ಜಾಗ. ಕೆಲಸಕ್ಕೆ ಹೋಗಿಬರುವ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಗ್ರಾಫ್ ಹಾಳೆಯ ಮೇಲೆ ನಾನು ಈ ಚಿತ್ತಾರಗಳನ್ನು ಬರೆಯುತ್ತಿದ್ದೆ. ಎದುರು ಕೂರುತ್ತಿದ್ದ ಶಾಲಿನಿತಾಯಿ ದಾದರಿನಿಂದ ಠಾಣೆಯವರೆಗೆ ಸ್ವೆಟರ್ ಹೆಣೆಯುತ್ತಿದ್ದರು. ನನ್ನ ಹಾಳೆಯನ್ನು ಹೆಣಿಗೆಯ ನಮೂನೆ ಎಂದೇ ತಿಳಿದು, ಚೌಕದ್ದು, ತ್ರಿಕೋನದ್ದು ಎರಡನ್ನೂ ಇಸಿದುಕೊಂಡು ಹೋಗಿ, ಮೊಮ್ಮಗನ ಟೋಪಿಗೆ ಹಾಕಿ ನೋಡಿದರು. ವಾಪಸು ಕೊಡುವಾಗ ಹಿಂದಿಯಲ್ಲಿ ಹೇಳಿದರು: “ಈ ಚೌಕದ್ದು ಸರಿ ಇದೆ, ಪ್ರತಿ ಮನೆಗೂ ಒಂದೊಂದೇ ಟಾಕೆ, ಒಂದೊಂದೇ ಹೆಣಿಗೆಯ ಕುಣಿಕೆ, ಬರುತ್ತದೆ. ಈ ತ್ರಿಕೋನದ್ದು ಬೇಡಮ್ಮ. ಮೇಲಿನ ಸಾಲಿಗೇ ಎಲ್ಲ ಟಾಕೆ ಬಂದು ಬೀಳುತ್ತದೆ. ಅಲ್ಲಿ ಗಂಟಾಗುತ್ತದೆ.”

ನಾನು ನಕ್ಕೆ. ಮದುವೆಮನೆಗಳಲ್ಲಿ ಇದನ್ನು ಹೇಳುವಾಗ ಅನಾಹುತದ ನಂತರ ಈ ಮಾತು ಬಂತು, ಅದರಿಂದ ನನಗೆ ಹೊಳೆಯಿತು ಎನ್ನುತ್ತಿದ್ದೆ. ಕಥೆ ಹಾಗೆ ಚಂದ. ಆದರೆ ಆ ಟೋಪಿ ಹೆಣೆದದ್ದು ಮೊಮ್ಮಗ ಹುಟ್ಟಿದಾಗ, ದೀಪಾವಳಿಯ ಹೊತ್ತಿಗೆ. ಕೆಟಲ್ ಕಟ್ಟಿದ್ದು ಅದರ ಮುಂದಿನ ಹೋಳಿ ಕಳೆದ ಮೇಲೆ. ಅಂದರೆ ಅವರು ನನಗೆ ಮೊದಲೇ ಹೇಳಿದ್ದರು, ನಾನು ಕೇಳಿಸಿಕೊಳ್ಳಲಿಲ್ಲ.

ಕೆಟಲ್ ಕಟ್ಟಿದ್ದು ಮಧ್ಯಾಹ್ನ ಮೂರರ ಸುಮಾರಿಗೆ, ಮಲ್ಲಪ್ಪನ ಪಾಳಿಯಲ್ಲಿ. ತಂಪು ಮಾಡುವ ನೀರಿನ ಪಂಪು ನಿಂತಿತ್ತು. ಹೂಟರ್ ಕೂಗಿತು. ಅವನು ಗುಂಡಿ ಒತ್ತಿದ. ಮೇಲಿನ ಸಾಲಿನಲ್ಲಿ ‘ನೀರಿಲ್ಲ’ ಎಂಬ ಸೂಚನೆ ಬಂದಿತ್ತು, ಎಲ್ಲವನ್ನೂ ಗಳಿಗೆ ಸಮೇತ ಬರೆದಿಡುವ ಪ್ರಿಂಟರಿನ ಕಾಗದದಲ್ಲೂ ದಾಖಲಾಗಿತ್ತು. ಮಲ್ಲಪ್ಪ ಏಳಲಿಲ್ಲ. ಕಾವು ಇಳಿಸುವ ಹೊತ್ತಾದಾಗ ವಾಲ್ವ್ ತಿರುಗಿಸಿದರೆ ನೀರೇ ಇಲ್ಲ. ಅಷ್ಟರಲ್ಲಿ ಕೆಟಲ್ಲಿನ ಒಳಗೆ ರೆಸಿನ್ ಕಲ್ಲಾಗಿತ್ತು. ಜೀವಕ್ಕೆ ಏನೂ ಆಗಲಿಲ್ಲ. ಒಡೆಯಲು ವಾರ ಹಿಡಿಯಿತು.

ಅವನನ್ನು ಸಸ್ಪೆಂಡ್ ಮಾಡಿದರು. ಆರೋಪ ಇಷ್ಟು: ಊಟದ ನಂತರ ತೂಕಡಿಸುತ್ತಿದ್ದ, ಹೂಟರಿನ ಬಾಯಿ ಮುಚ್ಚಿಸಿ ಮತ್ತೆ ನಿದ್ದೆ ಹೋದ. ಕಾಗದದಲ್ಲಿ ಗುಂಡಿ ಒತ್ತಿದ ಗಳಿಗೆ ಇದ್ದದ್ದೇ ಸಾಕ್ಷಿ. ಮೇಲಿನ ಸಾಲಿನಲ್ಲಿ ಏನೂ ಕಾಣಲಿಲ್ಲ ಎಂದು ಅವನು ಹೇಳಿದ. ವಿಚಾರಣೆಯವರು ಮರುದಿನ ಬೆಳಿಗ್ಗೆ ಬಂದು ಪರದೆ ನೋಡಿದರು. ಸೂಚನೆ ಸ್ವಲ್ಪ ಮಂಕಾಗಿದ್ದರೂ ಓದಲು ಬರುತ್ತಿತ್ತು. ಮಂಕಾದದ್ದಕ್ಕೂ ಅವನೇ ಕಾರಣ, ಆಪರೇಟರುಗಳು ಪೇಂಟ್ ಥಿನ್ನರಿನಿಂದ ಗಾಜು ಒರೆಸುತ್ತಾರೆ ಎಂದು ಬರೆದುಕೊಂಡರು. ಥಿನ್ನರಿನಿಂದ ಒರೆಸುತ್ತಿದ್ದದ್ದು ನಿಜವೇ.

ನಾನು ಅವನ ಚಾಳಿಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ, ಎದ್ದು ನಿಂತ.

“ಸೋಮವಾರ ಕಾಗದಕ್ಕ ಸಹಿ ಮಾಡ್ತೀನ್ರಿ ಅಕ್ಕಾರ. ‘ನಿದ್ದಿ ಮಾಡಿದ್ದೆ, ತಪ್ಪಾತು’ ಅಂತ ಬರಕೊಟ್ರ ಕೆಲಸದಿಂದ ತಗದ್ರೂ ಸರ್ಟಿಫಿಕೇಟ್ ಒಳ್ಳೇದ ಕೊಡ್ತಾರಂತ.”

“ನೀವು ನಿದ್ದೆ ಮಾಡಿದ್ದೀರಾ?”

“ಮೊದಲ ಇಲ್ಲ ಅಂದ್ನಿ. ಈಗ ನನಗೂ ಗೊತ್ತಾಗವಲ್ದು. ದಿನಾ ಎಲ್ಲಾರೂ ಅದನ್ನs ಅಂದ್ರ, ತಲಿ ವಾಲಿದ್ದು, ಗಲ್ಲ ಎದಿಗೆ ಬಡದದ್ದು, ಎಲ್ಲಾ ಕಂಡಂಗ ಆಗತೈತ್ರಿ. ಮಾಡಿರಬೇಕು ಬಿಡ್ರಿ.”

ಅವನ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಅದು ನನ್ನನ್ನು ಹೆದರಿಸಿತು. ಆ ದಿನ ಶುಕ್ರವಾರವೋ ಶನಿವಾರವೋ. ಸೋಮವಾರಕ್ಕೆ ಹೆಚ್ಚು ಹೊತ್ತಿರಲಿಲ್ಲ ಎಂಬುದಷ್ಟೇ ಗಟ್ಟಿ. ಮೇಲಿನ ಸಾಲಿನಲ್ಲಿ ಏನೂ ಕಾಣಲಿಲ್ಲ ಎಂಬ ಅವನ ಮೊದಲ ಮಾತನ್ನು ನಾನೇ ಪರೀಕ್ಷಿಸಲು ಅಲ್ಲಿಂದ ನೇರ ಕಾರ್ಖಾನೆಗೆ ವಾಪಸು ಹೋದೆ.

ಮೂರು ಗಂಟೆಯಾಗಿತ್ತು. ಕಂಟ್ರೋಲ್ ರೂಮಿನ ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಪರದೆಯ ಮೇಲೆ ಬಿದ್ದಿತ್ತು. ಮಲ್ಲಪ್ಪನ ಕುರ್ಚಿಯಲ್ಲಿ ಕೂತು, ಪರೀಕ್ಷೆಗೆಂದು ಒಂದು ಸೂಚನೆ ಬರಿಸಿದೆ. ಹೂಟರ್ ಕೂಗಿತು, ಗುಂಡಿ ಒತ್ತಿದೆ, ತಲೆ ಎತ್ತಿ ನೋಡಿದೆ. ಮೇಲಿನ ಸಾಲು ಖಾಲಿ. ಕಣ್ಣು ಕಿರಿದು ಮಾಡಿದರೂ ಖಾಲಿ. ಅಂಗೈ ಅಡ್ಡ ಹಿಡಿದು ಬಿಸಿಲು ತಡೆದ ಮೇಲೆ ಅಕ್ಷರಗಳು ನೀರಿನಡಿಯಿಂದೆದ್ದ ಹಾಗೆ ಮೂಡಿದವು.

ಪರದೆ ಆರಿಸಿ ಗಾಜಿಗೆ ಮುಖ ಹತ್ತಿರ ತಂದೆ. ಆಗ ಕಂಡಿತು. ಮೇಲಂಚಿನಲ್ಲಿ ಕಂದು ಬಣ್ಣದ ಕಲೆ, ಎಡತುದಿಯಲ್ಲಿ ದಟ್ಟ. ಅದು ಬಟ್ಟೆ ಎಳೆದ ಕಲೆಯಾಗಿರಲಿಲ್ಲ. ಹಲ್ಲು ಹಲ್ಲಾಗಿತ್ತು. ಎಡ ಅಂಚಿನಿಂದ ಎಷ್ಟನೆಯ ಕಂಬ ಎಂದು ಅಳೆದೆ: ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು, ನೂರ ಇಪ್ಪತ್ತೆಂಟು. ಪ್ರತಿ ಕಡುಹಲ್ಲು ಹಿಂದಿನದಕ್ಕಿಂತ ಇಮ್ಮಡಿ ದೂರದಲ್ಲಿ. ಆ ಹಣಿಗೆ ನನ್ನದು. ಆ್ಯಂಡ್ ಉತ್ತರವನ್ನು ಯಾವಾಗಲೂ ಕುಗ್ಗಿಸುತ್ತದೆ. ಸೊನ್ನೆಯೇ ಹೆಚ್ಚು ಸಲ ಬರುತ್ತದೆ. ಸೊನ್ನೆ ಎಂದರೆ ಮೇಲಿನ ಸಾಲು. ಪರದೆ ಕಾಯಲೆಂದು ನಾನು ಕೂರಿಸಿದ್ದೇ ಎರಡು ವರ್ಷ ಕೂತು ಪರದೆ ಸುಟ್ಟಿತ್ತು, ಅದೂ ಯಾವ ಸಾಲು ಎಲ್ಲಕ್ಕಿಂತ ಮುಖ್ಯವೋ ಆ ಸಾಲನ್ನೇ.

ಮನೆಯಲ್ಲಿ ಯಜಮಾನರಿಗೆ ಹೇಳಿದೆ. “ನಿನ್ನ ಹೆಸರು ಯಾರೂ ಎತ್ತಲಿಲ್ಲ ಅಲ್ವಾ ಮಾರಾಯ್ತಿ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, “ಹೋಗಿ ಹೇಳು. ಇಲ್ಲದಿದ್ದರೆ ನೀನು ನನ್ನ ತಲೆ ತಿಂತೀ,” ಎಂದರು. ಈ ಎರಡು ಮಾತುಗಳ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಅವರೂ ನಾನೂ ಬೇರೆ ಬೇರೆ ಹೇಳುತ್ತೇವೆ.

ಸೋಮವಾರ ಬೆಳಿಗ್ಗೆ ದಾತಾರ್ ಸಾಹೇಬರ ಕೋಣೆಗೆ ಹೋದೆ. ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ರಾವ್ ಮ್ಯಾಡಮ್, ಥಿನ್ನರ್ ಅಂತ ಬರೆದಾಗಿದೆ. ಈಗ ನಿಮ್ಮ ಪ್ರೋಗ್ರಾಮ್ ಅಂದರೆ, ಅದನ್ನು ಪಾಸ್ ಮಾಡಿದ್ದು ಯಾರು ಅಂತಾರೆ.”

“ನೀವು, ಸರ್.”

“ಹಾಂ, ನಾನು. ಗೊತ್ತಿದೆ ನನಗೆ!” ಎಂದು ರೇಗಿದರು. “ನಿಮ್ಮ ಕೆಲಸವೂ ಹೋಗಬಹುದು, ಅರ್ಥವಾಗಿದೆಯೇ?”

“ಆಗಿದೆ. ಮಧ್ಯಾಹ್ನ ಮೂರಕ್ಕೆ ವಿಚಾರಣೆಯವರನ್ನು ಕಂಟ್ರೋಲ್ ರೂಮಿಗೆ ಕರೆತನ್ನಿ. ಬೆಳಿಗ್ಗೆ ಬೇಡ. ಮೂರಕ್ಕೇ.”

ಅವರು ಕನ್ನಡಕ ಮತ್ತೆ ಹಾಕಿಕೊಂಡು ಫೋನ್ ಎತ್ತಿದರು. ನನ್ನ ಮೇಲಧಿಕಾರಿಗಳಲ್ಲಿ ಕೆಟ್ಟವರ ಬಗ್ಗೆ ಹೇಳಲು ಬೇಕಾದಷ್ಟಿದೆ. ಆದರೆ ಅವರು ಎತ್ತಿದ ಆ ಫೋನಿನ ಮುಂದೆ ಅದೆಲ್ಲ ಬರೆಯುವ ಹುರುಪು ಬರುವುದಿಲ್ಲ.

ಮೂರಕ್ಕೆ ವಿಚಾರಣಾಧಿಕಾರಿ, ದಾತಾರ್ ಸಾಹೇಬರು, ಸಹಿ ಮಾಡಲು ಬಂದಿದ್ದ ಮಲ್ಲಪ್ಪ, ಬಾಗಿಲಲ್ಲಿ ಇಣುಕುವ ಇಡೀ ಪಾಳಿ. ಅಧಿಕಾರಿಯನ್ನು ಆಪರೇಟರನ ಕುರ್ಚಿಯಲ್ಲೇ ಕೂರಿಸಿದೆ. “ಹೂಟರ್ ಕೂಗಿದರೆ ಗುಂಡಿ ಒತ್ತಿ, ಮೇಲೆ ಏನು ಬರೆದಿದೆ ಓದಿ, ಸರ್.” ಕೂಗಿತು. ಒತ್ತಿದರು. ಕತ್ತು ಎತ್ತಿದರು.

“ಏನೂ ಬಂದಿಲ್ಲವಲ್ಲ,” ಎಂದರು.

ಪ್ರಿಂಟರಿನ ಕಾಗದ ಹರಿದು ಕೈಗೆ ಕೊಟ್ಟೆ. ಸೂಚನೆ ಬಂದಿತ್ತು. ಬಾಗಿಲ ಬಳಿ ಗುಸುಗುಸು.

“ಥಿನ್ನರಿನಿಂದ ಮಂಕಾಗಿದೆ, ಅದನ್ನೇ ನಾವೂ ಬರೆದದ್ದು,” ಎಂದರು ಅಧಿಕಾರಿ. ಈ ವಾದ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಪರದೆ ಆರಿಸಿದೆ. ಆ್ಯಂಡ್ ಚಿತ್ತಾರದಲ್ಲಿ ಯಾವ ಚುಕ್ಕೆ ಎಷ್ಟು ಸಲ ಬೆಳಗುತ್ತದೆಂದು ಲೆಕ್ಕ ಹಾಕಿ, ಬೆಳಿಗ್ಗೆ ಹಿಂದಿನದು ಕಾಣುವ ತೆಳು ಬಟರ್ ಪೇಪರಿನ ಮೇಲೆ ಪೆನ್ಸಿಲಿನಿಂದ ಬರೆದು ತಂದಿದ್ದೆ. ಹೆಚ್ಚು ಸಲ ಬೆಳಗುವ ಕಡೆ ಕಡುಗಪ್ಪು. ಆ ಕಾಗದವನ್ನು ಗಾಜಿಗೆ ಒತ್ತಿ ಹಿಡಿದೆ. ಹಲ್ಲಿಗೆ ಹಲ್ಲು ಕೂತಿತು. “ಬಟ್ಟೆಯಿಂದ ಒರೆಸಿದ ಗುರುತು ಹೀಗೆ ಇಮ್ಮಡಿಯಾಗುತ್ತ ಹೋಗುವುದಿಲ್ಲ, ಸರ್. ಇದನ್ನು ಸುಟ್ಟದ್ದು ನನ್ನ ಪ್ರೋಗ್ರಾಮ್. ಬರೆದವಳು ನಾನು.”

ಅವರು ಬಗ್ಗಿ ಎಣಿಸಿದರು. ಗಟ್ಟಿಯಾಗಿ ಎಣಿಸಿದರು, ಅರವತ್ತನಾಲ್ಕಕ್ಕೆ ಬಂದಾಗ ಧ್ವನಿ ಬದಲಾಗಿತ್ತು.

ಆಮೇಲೆ ನಾನು ಮಾಡಿದ್ದು ಅಗತ್ಯವಿರಲಿಲ್ಲ. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ, ಅದಕ್ಕೆ ಹೇಳುತ್ತೇನೆ. ಪ್ರೋಗ್ರಾಮ್ ತೆರೆದು ಆ್ಯಂಡ್ ಚಿಹ್ನೆ ಅಳಿಸಿ ಎಕ್ಸಾರ್ ಹಾಕಿದೆ. ಹಳೇ ಚುಕ್ಕೆ ಅಳಿಸುವ ಸಾಲನ್ನೂ ತೆಗೆದೆ. ಓಡಿಸಿದೆ. ಎಕ್ಸಾರಿನಲ್ಲಿ ಎಣಿಕೆ ಒಂದು ಸುತ್ತು ಮುಗಿಸುವುದರೊಳಗೆ ಪರದೆಯ ಪ್ರತಿ ಚುಕ್ಕೆಗೂ ಒಂದು ಸರದಿ, ಸರಿಯಾಗಿ ಒಂದೇ. ಯಾವುದಕ್ಕೂ ಎರಡಿಲ್ಲ, ಯಾವುದೂ ಉಳಿಯುವುದಿಲ್ಲ. ಚೌಕಗಳು ಒಡೆದು ಹಬ್ಬಿದವು, ಸಂದುಗಳು ತುಂಬುತ್ತ ಬಂದವು, ಕೊನೆಯ ಎಣಿಕೆಗೆ ಇಡೀ ಗಾಜು ಒಂದೇ ಹಸಿರಾಗಿ ಬೆಳಗಿತು. ಅಂಗೈಯಷ್ಟು ನೆರಳು ಹಿಡಿದೆ. ಮೇಲಂಚಿನಲ್ಲಿ ಮಾತ್ರ ಆ ಸುಟ್ಟ ಹಣಿಗೆ ಕಪ್ಪಗೆ ನಿಂತಿತ್ತು, ಬಾಗಿಲಲ್ಲಿದ್ದವರಿಗೂ ಕಾಣುವಷ್ಟು.

ಯಾರೋ ಚಪ್ಪಾಳೆ ಹೊಡೆದರು. ದಾತಾರ್ ಸಾಹೇಬರೇ ಎಂದು ಹೇಳುತ್ತ ಬಂದಿದ್ದೇನೆ, ಬಹುಶಃ ಅಲ್ಲ.

ಮಲ್ಲಪ್ಪನ ಮೇಲಿನ ಆರೋಪ ಅದೇ ಸಂಜೆ ವಾಪಸಾಯಿತು. ಸಸ್ಪೆಂಡಾದ ದಿನಗಳೂ ಹಾಜರಿಯೆಂದೇ ಆದವು. ನನಗೊಂದು ಎಚ್ಚರಿಕೆ ಪತ್ರ ಬಂತು. ಅದನ್ನು ಕಟ್ಟು ಹಾಕಿಸಬೇಕೆಂದಿದ್ದೆ, ಹಾಕಿಸಲಿಲ್ಲ. ಪರದೆ ಬದಲಾಯಿತು, ಸೂಚನೆ ನಡುವೆ ಬರುವಂತಾಯಿತು, ಕಿಟಕಿಗೆ ಕರ್ಟನ್ ಬಂತು, ಬಾಗಿಲು ಹಾಕಿದ್ದಕ್ಕೆಲ್ಲ ಕೂಗುವ ಹೂಟರಿಗೆ ಬುದ್ಧಿ ಕಲಿಸಿದೆವು. ಎಕ್ಸಾರ್ ಸ್ಕ್ರೀನ್ ಸೇವರ್ ಆ ಗಾಜಿನ ಪರದೆಗಳು ಗುಜರಿಗೆ ಹೋಗುವವರೆಗೂ ಓಡಿತು, ಒಂದು ಕಲೆಯನ್ನೂ ಬಿಡದೆ. ಈಗಿನ ಪರದೆಗಳಿಗೆ ಸೇವರ್ ಬೇಕಿಲ್ಲ. ಆದರೂ ಹೊಸದಾಗಿ ಬಂದವರಿಗೆ ನಾನು ಮೊದಲ ದಿನ ಕಲಿಸುತ್ತಿದ್ದದ್ದು ಒಂದೇ: ನಿಮ್ಮ ಪ್ರೋಗ್ರಾಮ್ ಯಾರ ಎದುರು ಓಡುತ್ತದೋ ಅವನ ಕುರ್ಚಿಯಲ್ಲಿ, ಅವನ ಪಾಳಿಯಲ್ಲಿ, ಅವನ ಬಿಸಿಲಿನಲ್ಲಿ ಒಮ್ಮೆ ಕೂತು ಬನ್ನಿ. ಮತ್ತೆ, ಲೋಕಲ್‌ನಲ್ಲಿ ಎದುರು ಕೂತವರು ಏನಾದರೂ ಹೇಳಿದರೆ ನಗುವ ಮೊದಲು ಯೋಚಿಸಿ.

ಆ ಸಂಜೆ ಮುಲುಂಡ್ ಸ್ಟೇಷನ್ನಿನವರೆಗೆ ಮಲ್ಲಪ್ಪ ನನ್ನ ಜೊತೆ ಬಂದ. ನಾನು ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದೆ. ಅವನಿಗೆ ಅದರ ಮೇಲೆ ಗಮನವೇ ಇರಲಿಲ್ಲ.

“ಅಕ್ಕಾರ, ಆ ಸಾಹೇಬ್ರೂ ಕಣ್ಣ ತಗದs ಕುಂತಿದ್ರಲ್ರಿ?”

“ಹೌದು. ನಾವೆಲ್ಲ ನೋಡಿದ್ದೇವೆ.”

“ಅವರಿಗೂ ಕಾಣಲಿಲ್ಲ.”

“ಕಾಣಲಿಲ್ಲ.”

ಅವನು ತಟ್ಟನೆ ನಿಂತ. ಎದುರಿಗೇ ಎಸ್‌ಟಿಡಿ ಬೂತ್. ಒಳಗೆ ನುಗ್ಗಿ ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿ, ಹೆಂಡತಿಯನ್ನು ಕರೆಯಲು ಹೇಳಿ, ರಿಸೀವರ್ ಹಿಡಿದುಕೊಂಡೇ ಕಾದ. ಬಾಗಿಲು ಹಾಕಿಕೊಳ್ಳುವುದು ಅವನಿಗೆ ನೆನಪಾಗಲಿಲ್ಲ. ಸಾಲಿನಲ್ಲಿ ನಿಂತವರೆಲ್ಲ ಕೇಳುತ್ತಿದ್ದರು.

“ನಿಂಗವ್ವಾ? ಹಾಂ, ನಾನು. ಕೆಲಸಾ? ಉಳೀತು, ಉಳೀತು. ಅದ ಇರಲಿ, ಅಳಬ್ಯಾಡ, ಮೊದಲ ಇದನ್ನ ಕೇಳು.” ಅವನು ಒಂದು ಕೈಯಿಂದ ಬೂತಿನ ಗಾಜು ಹಿಡಿದುಕೊಂಡು, ಟ್ರೈನಿನ ಸದ್ದನ್ನೂ ಮೀರಿ ಕೂಗಿದ: “ನಾ ಎಚ್ಚರ ಇದ್ದೆ! ಕೇಳಿಸ್ತೇನ? ನಾ ಎಚ್ಚರ ಇದ್ದೆ!”